ದೂರದ ಚಿತ್ರಕ್ಕೆ ಹತ್ತಿರದ ನೋಟ

ಸುಮಾರು 1680ರಲ್ಲಿ ಬಿಜಾಪುರದ ಇಬ್ಬರು ಕಲಾವಿದರು, ಕಮಾಲ್ ಮಹಮ್ಮದ್ ಮತ್ತು ಚಾಂದ್ ಮಹಮ್ಮದ್, ಆದಿಲ್‌ಶಾಹಿ ವಂಶದ ಒಂಬತ್ತೂ ಸುಲ್ತಾನರನ್ನು ಒಂದೇ ಹಾಳೆಯ ಮೇಲೆ ಕೂರಿಸಿ ಚಿತ್ರ ಬರೆದರು. ಒಂದೇ ಕಾಲದಲ್ಲಿ ಬದುಕಿದವರಲ್ಲ ಅವರು. ಮೊದಲನೆಯವನಿಗೂ ಕೊನೆಯವನಿಗೂ ಎರಡು ಶತಮಾನಗಳಷ್ಟು ದೂರ. ವಂಶದ ಮೂಲಪುರುಷ ಯೂಸುಫ್ ಇರಾನಿನ ಶಾಹನಿಂದ ಅಧಿಕಾರದ ಕೀಲಿಕೈ ಪಡೆಯುತ್ತಿದ್ದಾನೆ. ಕೊನೆಯ ಸುಲ್ತಾನ ಸಿಕಂದರ್ ಇನ್ನೂ ಹುಡುಗ. ಇದಾದ ಕೆಲವೇ ವರ್ಷಗಳಲ್ಲಿ, 1686ರಲ್ಲಿ, ಔರಂಗಜೇಬ ಬಿಜಾಪುರವನ್ನು ಗೆದ್ದುಕೊಂಡ. ವಂಶದ ಆಳ್ವಿಕೆ ಮುಗಿಯಿತು. ಒಂದು ಮೊಳಕ್ಕಿಂತ ಚಿಕ್ಕದಾದ ಆ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಗೋಳಗುಮ್ಮಟದ ನೆರೆಯಲ್ಲಿ ಬದುಕುವ ವಿಜಯಪುರದ ಒಬ್ಬ ಶಿಕ್ಷಕಿ ಅದನ್ನು ಕಣ್ಣಾರೆ ನೋಡಬೇಕೆಂದರೆ ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟು ಎಲ್ಲ ಬೇಕು. ಅಷ್ಟೆಲ್ಲ ಮಾಡಿಕೊಂಡು ಹೋದರೂ ಚಿತ್ರ ಗೋಡೆಯ ಮೇಲಿರುತ್ತದೆಂಬ ಖಾತ್ರಿಯಿಲ್ಲ. ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುವುದರಿಂದ ಇಂಥ ಕೃತಿಗಳನ್ನು ಮ್ಯೂಸಿಯಂಗಳು ಕೆಲವು ತಿಂಗಳಷ್ಟೇ ಪ್ರದರ್ಶಿಸಿ ಮತ್ತೆ ಕತ್ತಲೆಗೆ ಸೇರಿಸುತ್ತವೆ. ಆದರೆ ಅದೇ ಮ್ಯೂಸಿಯಂ 2017ರ ಫೆಬ್ರುವರಿ 7ರಂದು ಹಕ್ಕುಸ್ವಾಮ್ಯ ಮುಗಿದ ತನ್ನ ಕೃತಿಗಳ 3,75,000 ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲಿ, ಹೇಗೆ ಬೇಕಾದರೂ ಬಳಸಲಿ ಎಂದು ಜಗತ್ತಿಗೆ ಬಿಟ್ಟುಕೊಟ್ಟಿತು. ಈ ಚಿತ್ರವನ್ನೂ ಮ್ಯೂಸಿಯಂನ ಜಾಲತಾಣದಲ್ಲಿ ತೆರೆದು, ಸುಲ್ತಾನರ ನಿಲುವಂಗಿಯ ಹೂಬಳ್ಳಿಯವರೆಗೆ ಹಿಗ್ಗಿಸಿ ನೋಡಬಹುದು.

ಮನೆಯಲ್ಲಿ ಕೂತು ಮ್ಯೂಸಿಯಂ ನೋಡುವುದನ್ನು ನಾವು ಸಾಮಾನ್ಯವಾಗಿ ಪ್ರವಾಸದ ಬದಲಿ ಎಂದು ಎಣಿಸುತ್ತೇವೆ. ಹೋಗಲಾಗದವರಿಗೆ, ಕಾಸಿಲ್ಲದವರಿಗೆ, ಕಾಲುನೋವಿನವರಿಗೆ ಒಂದು ಸಮಾಧಾನ ಎಂಬ ಧಾಟಿಯಲ್ಲಿ ಅದರ ಪರಿಚಯ ನಡೆಯುತ್ತದೆ. ಹಾಗೆ ಎಣಿಸಿದ ಕೂಡಲೇ ಅದು ಸೋಲುತ್ತದೆ, ಏಕೆಂದರೆ ಪ್ರವಾಸದ ಎದುರು ಪರದೆ ಯಾವತ್ತೂ ಬಡಪಾಯಿಯೇ. ಆದರೆ ಪರದೆಗೆ ತನ್ನದೇ ಆದ ಒಂದು ಶಕ್ತಿಯಿದೆ. ಮ್ಯೂಸಿಯಂನೊಳಗೆ ನಿಂತವರಿಗೂ ಸಿಗದ ಸಾಮೀಪ್ಯ, ಸಿಗದ ಹೊತ್ತು, ತೆರೆಯದ ಉಗ್ರಾಣ ಇವುಗಳನ್ನು ಅದು ಕೊಡಬಲ್ಲದು. ಭೇಟಿಯ ಅನುಕರಣೆ ಮಾಡಹೊರಟಾಗ ಆನ್‌ಲೈನ್ ಮ್ಯೂಸಿಯಂ ಸಪ್ಪೆಯಾಗುತ್ತದೆ. ಭೇಟಿಯಿಂದ ಆಗದ್ದನ್ನು ಮಾಡಿದಾಗ ಗೆಲ್ಲುತ್ತದೆ. ಈ ವ್ಯತ್ಯಾಸವನ್ನು ನಾವು ಸರಿಯಾಗಿ ಹಿಡಿದರೆ ನೋಡುಗರಾಗಿ ನಮ್ಮ ಅಭ್ಯಾಸವೂ ಬದಲಾಗುತ್ತದೆ, ನಮ್ಮ ಮ್ಯೂಸಿಯಂಗಳಿಂದ ಏನು ಕೇಳಬೇಕೆಂಬುದೂ ಸ್ಪಷ್ಟವಾಗುತ್ತದೆ.

ಈ ಎರಡು ದಾರಿಗಳೂ ಶುರುವಿನಿಂದಲೇ ಜೊತೆಯಲ್ಲಿ ಬಂದಿವೆ. 2009ರ ಜನವರಿಯಲ್ಲಿ ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಂ ತನ್ನ 14 ಮೇರುಕೃತಿಗಳನ್ನು ಅತಿ ಸೂಕ್ಷ್ಮವಾಗಿ ಸೆರೆಹಿಡಿಸಿ ಗೂಗಲ್ ಅರ್ಥ್‌ನಲ್ಲಿ ತೋರಿಸಿತು. 2011ರ ಫೆಬ್ರುವರಿ 1ರಂದು ಗೂಗಲ್‌ನ ಆರ್ಟ್ ಪ್ರಾಜೆಕ್ಟ್ 9 ದೇಶಗಳ 17 ಮ್ಯೂಸಿಯಂಗಳೊಂದಿಗೆ ಆರಂಭವಾಯಿತು. ಅದರ ಹಿಂದಿದ್ದವರು ಭಾರತದಲ್ಲಿ ಬೆಳೆದ ಅಮಿತ್ ಸೂದ್. ಮುಂದಿನ ವರ್ಷ ಅದು 40 ದೇಶಗಳಿಗೆ ಹಬ್ಬಿದಾಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ಸೇರಿಕೊಂಡವು. ಆ ಯೋಜನೆಯಲ್ಲಿ ಎರಡು ಬಗೆಯ ಕೊಡುಗೆ ಇತ್ತು. ರಸ್ತೆಗಳ ಚಿತ್ರ ತೆಗೆಯುವ ಕ್ಯಾಮೆರಾವನ್ನು ತಳ್ಳುಗಾಡಿಯ ಮೇಲಿಟ್ಟು ಮ್ಯೂಸಿಯಂ ಕೋಣೆಗಳಲ್ಲಿ ಓಡಾಡಿಸಿ ಮಾಡಿದ ‘ನಡಿಗೆ’ ಒಂದು. ಪ್ರತಿ ಮ್ಯೂಸಿಯಂ ಆಯ್ದುಕೊಟ್ಟ ಒಂದೊಂದು ಕೃತಿಯ ನೂರಾರು ಕೋಟಿ ಪಿಕ್ಸೆಲ್‌ಗಳ ಚಿತ್ರ ಇನ್ನೊಂದು. ಪತ್ರಿಕೆಗಳ ಗಮನ ಸೆಳೆದದ್ದು ನಡಿಗೆ. ಉಳಿದುಕೊಂಡದ್ದು ಚಿತ್ರ. ಬಾಣದ ಗುರುತು ಒತ್ತುತ್ತ ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಜಾರುವಾಗ ಕಾಣುವುದು ಹೊಳೆಯುವ ನೆಲ, ಓರೆಯಾದ ಚೌಕಟ್ಟು, ಓದಲಾಗದ ವಿವರಪಟ್ಟಿ. ಮೊದಲ ಹತ್ತು ನಿಮಿಷ ಕುತೂಹಲ, ಆಮೇಲೆ ಆಯಾಸ. 2020ರಲ್ಲಿ ಕೊರೊನಾ ಕಾಲದಲ್ಲಿ ಜಗತ್ತಿನ ಶೇ 90ರಷ್ಟು ಮ್ಯೂಸಿಯಂಗಳು, ಅಂದರೆ ಸುಮಾರು 85 ಸಾವಿರ, ಬಾಗಿಲು ಮುಚ್ಚಿದವೆಂದು ಯುನೆಸ್ಕೊ ಲೆಕ್ಕ ಹಾಕಿತು. ಆಗ ಕೈಯಿಂದ ಕೈಗೆ ಹರಿದಾಡಿದ ‘ಮನೆಯಲ್ಲೇ ನೋಡಿ’ ಪಟ್ಟಿಗಳು ಬಹುಪಾಲು ಇಂಥ ನಡಿಗೆಗಳದೇ. ಅವನ್ನು ಒಮ್ಮೆ ತೆರೆದು ಬೇಸತ್ತವರು ಆನ್‌ಲೈನ್ ಕಲೆಯೆಂದರೆ ಇಷ್ಟೇ ಎಂದು ತೀರ್ಮಾನಿಸಿದ್ದರೆ ತಪ್ಪು ಅವರದಲ್ಲ.

ಇನ್ನೊಂದು ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂಗಿಂತ ಒಳ್ಳೆಯ ನಿದರ್ಶನವಿಲ್ಲ. ರೆಂಬ್ರಾಂಟ್ 1642ರಲ್ಲಿ ಬರೆದ ‘ನೈಟ್ ವಾಚ್’ ನಗರರಕ್ಷಕ ದಳವೊಂದರ ಗುಂಪುಚಿತ್ರ. ನಾಲ್ಕು ಮೀಟರಿಗೂ ಹೆಚ್ಚು ಅಗಲ, ಆಳೆತ್ತರ ಮೀರಿದ ಕ್ಯಾನ್ವಾಸು. 1975ರಲ್ಲಿ ಒಬ್ಬ ಅದನ್ನು ಚಾಕುವಿನಿಂದ ಸೀಳಿದ, 1990ರಲ್ಲಿ ಇನ್ನೊಬ್ಬ ಆಸಿಡ್ ಎರಚಿದ. ಅದರ ಹತ್ತಿರ ಯಾರನ್ನೂ ಬಿಡದಿರಲು ಮ್ಯೂಸಿಯಂಗೆ ಕಾರಣಗಳಿವೆ. 2019ರಲ್ಲಿ ಆರಂಭವಾದ ಸಂಶೋಧನೆ ಮತ್ತು ಸಂರಕ್ಷಣೆಯ ಕೆಲಸದ ಭಾಗವಾಗಿ ತಜ್ಞರು ಚಿತ್ರವನ್ನು ತುಣುಕು ತುಣುಕಾಗಿ 8,439 ಬಾರಿ ಕ್ಲಿಕ್ಕಿಸಿ, ಎಲ್ಲವನ್ನೂ ಹೊಲಿದು, 2022ರ ಜನವರಿಯಲ್ಲಿ 71,700 ಕೋಟಿ ಪಿಕ್ಸೆಲ್‌ಗಳ ಒಂದೇ ಚಿತ್ರವಾಗಿ ಬಿಡುಗಡೆ ಮಾಡಿದರು. ಎರಡು ಪಿಕ್ಸೆಲ್‌ಗಳ ನಡುವಿನ ಅಂತರ 5 ಮೈಕ್ರೋಮೀಟರು, ಮನುಷ್ಯನ ಕೆಂಪು ರಕ್ತಕಣಕ್ಕಿಂತಲೂ ಕಡಿಮೆ. ಈಗ ಮೊಬೈಲಿನಲ್ಲಿ ಆ ಚಿತ್ರ ತೆರೆದು ಕಪ್ಪು ಉಡುಪಿನ ಕ್ಯಾಪ್ಟನ್‌ನ ಚಾಚಿದ ಕೈಯನ್ನು ಹಿಂಬಾಲಿಸಿ. ಅದರ ನೆರಳು ಪಕ್ಕದ ಲೆಫ್ಟಿನೆಂಟ್‌ನ ಹಳದಿ ಅಂಗಿಯ ಮೇಲೆ ಬಿದ್ದಿದೆ. ಇನ್ನಷ್ಟು ಹತ್ತಿರ ಹೋದರೆ ಅಂಗಿಯ ಕಸೂತಿಯ ದಾರದಂತೆ ಕಂಡದ್ದು ದಪ್ಪನೆಯ ಬಣ್ಣದ ಉಬ್ಬು ಎಂದು ತಿಳಿಯುತ್ತದೆ. ಇನ್ನೂ ಹೋದರೆ ಆ ಉಬ್ಬಿನ ಮೇಲಿನ ಬಿರುಕುಗಳು, ಅವುಗಳ ನಡುವೆ ಬಣ್ಣದ ಕಣಗಳೇ ಕಾಣುತ್ತವೆ. ಗುಂಪಿನ ನಡುವೆ ಹೊಳೆಯುವ ಪುಟ್ಟ ಹುಡುಗಿಯ ಸೊಂಟದಲ್ಲಿ ತಲೆಕೆಳಗಾಗಿ ನೇತಾಡುವ ಕೋಳಿಯಿದೆ, ಅದರ ಉಗುರುಗಳು ಆ ದಳದ ಲಾಂಛನ. ಹಿಂದಿನ ಸಾಲಿನಲ್ಲಿ ಟೊಪ್ಪಿಗೆಯ ಕೆಳಗೆ ಒಂದೇ ಕಣ್ಣು ಇಣುಕುವ ಮುಖ ರೆಂಬ್ರಾಂಟ್‌ನದೇ ಎಂದು ಬಹಳ ಕಾಲದ ನಂಬಿಕೆ. ಸಭಾಂಗಣದಲ್ಲಿ ತಡೆಗಟ್ಟೆಯ ಆಚೆ ನಿಂತವರು ಆ ಕಣ್ಣಿನ ತನಕ ತಲುಪುವುದು ಕಷ್ಟ. 1715ರಲ್ಲಿ ಬೇರೊಂದು ಗೋಡೆಗೆ ಹೊಂದಿಸಲೆಂದು ಈ ಚಿತ್ರದ ಅಂಚುಗಳನ್ನು ಕತ್ತರಿಸಿ ಹಾಕಿದ್ದರು. ಹಳೆಯ ಪ್ರತಿಯೊಂದರ ಆಧಾರದಿಂದ ಆ ಕಳೆದ ಭಾಗಗಳನ್ನು 2021ರಲ್ಲಿ ಕಂಪ್ಯೂಟರ್ ನೆರವಿನಿಂದ ಮರುರಚಿಸಿದಾಗ, ಗುಂಪು ನಿಂತಿಲ್ಲ, ಎಡಕ್ಕಿರುವ ತೆರಪಿನತ್ತ ಹೆಜ್ಜೆ ಹಾಕುತ್ತಿದೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು.

ಎದುರು ನಿಂತು ನೋಡುವುದರಲ್ಲಿ ಇರುವ ತನ್ಮಯತೆ ಪರದೆಯಲ್ಲಿ ಬರುವುದುಂಟೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನ್ಯಾಯವಾದ ಪ್ರಶ್ನೆ. ಆದರೆ ಎದುರು ನಿಂತವರು ನಿಜಕ್ಕೂ ಎಷ್ಟು ಹೊತ್ತು ನೋಡುತ್ತಾರೆ? ಜೆಫ್ರಿ ಸ್ಮಿತ್ ಮತ್ತು ಲೀಸಾ ಸ್ಮಿತ್ ಎಂಬ ಸಂಶೋಧಕರು ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೋಡುಗರನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮೇರುಕೃತಿಯ ಮುಂದೆ ಜನ ಕಳೆದ ಸರಾಸರಿ ಹೊತ್ತು 27 ಸೆಕೆಂಡು. ಅರ್ಧದಷ್ಟು ಜನ 17 ಸೆಕೆಂಡು ಮೀರಲಿಲ್ಲ. ಪ್ಯಾರಿಸ್ಸಿನ ಲೂವ್ರ್‌ಗೆ 2018ರಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಬಂದರು. ಅವರಲ್ಲಿ ಬಹಳಷ್ಟು ಜನರ ಗುರಿ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲದ ಮೊನಾಲಿಸಾ. ಗಾಜಿನ ಹಿಂದಿನ ಆ ಮುಖವನ್ನು ಎತ್ತಿಹಿಡಿದ ಮೊಬೈಲುಗಳ ನಡುವಿನಿಂದ ಕಂಡು, ಹಿಂದಿನವರ ಒತ್ತಡಕ್ಕೆ ಮುಂದೆ ಸಾಗಬೇಕು. ಮನೆಯಲ್ಲಿ ಕೂತವರೆಲ್ಲ ಒಂದು ಚಿತ್ರವನ್ನು ಗಂಟೆಗಟ್ಟಲೆ ನೋಡುತ್ತಾರೆಂದು ನಾನು ಹೇಳುತ್ತಿಲ್ಲ. ಬೆರಳು ಸರಿಸಿ ಮುಂದಿನದಕ್ಕೆ ಹೋಗುವ ಚಟ ಪರದೆಯಲ್ಲೇ ಹೆಚ್ಚು. ಆದರೂ ಒಂದು ಮಾತು ನಿಲ್ಲುತ್ತದೆ: ನೋಡಬೇಕೆಂದವರನ್ನು ಅಲ್ಲಿ ಯಾರೂ ಎಬ್ಬಿಸುವುದಿಲ್ಲ, ನಾಳೆ ಅದೇ ಚಿತ್ರಕ್ಕೆ ಮರಳಲು ಮತ್ತೆ ಟಿಕೆಟು ಬೇಕಿಲ್ಲ. ಮರಳಿ ಮರಳಿ ನೋಡುವುದರಿಂದಲೇ ಚಿತ್ರ ಒಲಿಯುವುದು. ಆ ಸೌಕರ್ಯ ಇಷ್ಟು ಕಾಲ ಸಂಗ್ರಾಹಕರಿಗೂ ಅರಮನೆಗಳಿಗೂ ಮಾತ್ರ ಇತ್ತು.

ಇನ್ನು ಗೋಡೆಗೆ ಬಾರದ ಕೃತಿಗಳ ಸಂಗತಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 80 ಲಕ್ಷ ವಸ್ತುಗಳಿವೆ. ಪ್ರದರ್ಶನಕ್ಕಿರುವುದು 80 ಸಾವಿರದಷ್ಟು, ನೂರಕ್ಕೆ ಒಂದು. ದೊಡ್ಡ ಮ್ಯೂಸಿಯಂಗಳ ಕತೆಯೆಲ್ಲ ಹೆಚ್ಚುಕಡಿಮೆ ಇದೇ. ಉಳಿದದ್ದು ಉಗ್ರಾಣದ ಕಪಾಟುಗಳಲ್ಲಿರುತ್ತದೆ, ಅನುಮತಿ ಪಡೆದ ವಿದ್ವಾಂಸರಿಗಷ್ಟೇ ತೆರೆಯುತ್ತದೆ. ಜಲವರ್ಣ, ಕಿರುಚಿತ್ರ, ಹಸ್ತಪ್ರತಿ, ಬಟ್ಟೆ ಇವುಗಳಿಗಂತೂ ಕತ್ತಲೆಯೇ ಆಯಸ್ಸು. 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಅದೂ ಕೆಲವೇ ತಿಂಗಳು ತೋರಿಸಬೇಕೆಂಬುದು ಮ್ಯೂಸಿಯಂ ಲೋಕದ ರೂಢಿ. ನೋಡುಗರ ಉಸಿರೇ ಚಿತ್ರಕ್ಕೆ ವಿಷವಾಗುವ ಜಾಗಗಳೂ ಇವೆ. ಫ್ರಾನ್ಸಿನ ಲಾಸ್ಕೊ ಗುಹೆಯ ಆದಿಮಾನವರ ಚಿತ್ರಗಳು 1940ರಲ್ಲಿ ಪತ್ತೆಯಾದವು. ಜನರ ಉಸಿರು ಮತ್ತು ಬೆವರಿನಿಂದ ಗೋಡೆಗಳು ಕೆಡತೊಡಗಿದ್ದರಿಂದ 1963ರಲ್ಲೇ ಗುಹೆಯನ್ನು ಮುಚ್ಚಿದರು. ಚೀನಾದ ದುನ್‌ಹುವಾಂಗ್‌ನ ಮೊಗಾವೊ ಗುಹೆಗಳಲ್ಲಿ ಬೌದ್ಧ ಭಿತ್ತಿಚಿತ್ರಗಳಿರುವ 492 ಗುಹೆಗಳಿವೆ. ಅಲ್ಲಿ ಪ್ರವಾಸಿಗರ ಸಂಖ್ಯೆಗೆ ಮಿತಿ ಹಾಕಿ, 2016ರಲ್ಲಿ 30 ಗುಹೆಗಳನ್ನು ಸೂಕ್ಷ್ಮ ಚಿತ್ರಗಳಾಗಿ ಜಾಲತಾಣದಲ್ಲಿ ತೆರೆದರು. ನಮ್ಮದೇ ಬಾದಾಮಿಯ ಮೂರನೇ ಗುಹೆಯನ್ನು ನೆನೆಯಿರಿ. ಚಾಲುಕ್ಯರ ಮಂಗಳೇಶ ಮಾಡಿಸಿದ, 578ನೇ ಇಸವಿಯ ಶಾಸನವಿರುವ ಆ ಗುಹೆಯಲ್ಲಿ ಸೂರಿನಡಿ ಉಳಿದಿರುವ ಬಣ್ಣದ ತುಣುಕುಗಳನ್ನು ಕತ್ತೆತ್ತಿ ಎಷ್ಟು ಹೊತ್ತು ನೋಡಿದರೂ ಮಸಕು ಆಕೃತಿಗಳಷ್ಟೇ ಸಿಗುತ್ತವೆ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಚಿತ್ರಗಳದೂ ಇದೇ ಪಾಡು. ಇಂಥವಕ್ಕೆ ಕ್ಯಾಮೆರಾದ ಕಣ್ಣು ಬೇಕೇ ಬೇಕು. ಮಾಸುವ ಮೊದಲು ಬೇಕು.

ಪ್ರತಿಗೆ ಮೂಲದ ಸತ್ವವಿಲ್ಲ ಎಂಬುದು ಹಳೆಯ ಆಕ್ಷೇಪ. ಯಂತ್ರದಿಂದ ಪ್ರತಿ ತೆಗೆಯಬಹುದಾದ ಕಾಲದಲ್ಲಿ ಕಲಾಕೃತಿಯ ಸುತ್ತಲಿನ ಪ್ರಭಾವಳಿ ಕ್ಷೀಣಿಸುತ್ತದೆ ಎಂದು ಜರ್ಮನ್ ಚಿಂತಕ ವಾಲ್ಟರ್ ಬೆನ್ಯಮಿನ್ 1930ರ ದಶಕದಲ್ಲೇ ವಾದಿಸಿದ್ದರು. ಈ ಆಕ್ಷೇಪದಲ್ಲಿ ಒಪ್ಪಲೇಬೇಕಾದ ಭಾಗವಿದೆ. ಅಳತೆ ಪರದೆಯಲ್ಲಿ ಸಾಯುತ್ತದೆ. ಅಂಗೈಯಗಲದ ಕಿರುಚಿತ್ರವೂ ಗೋಡೆ ತುಂಬುವ ತೈಲಚಿತ್ರವೂ ಒಂದೇ ಗಾತ್ರದಲ್ಲಿ ಬಂದು ಕೂರುತ್ತವೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ನಿಂತಾಗ ಮೈಯಿಗೆ ಆಗುವ ಅರಿವನ್ನು ಯಾವ ಪಿಕ್ಸೆಲ್ಲೂ ಕೊಡದು. ಆದರೆ ನಮ್ಮ ನಾಡಿನ ಅನುಭವ ಇನ್ನೊಂದು ಪಾಠವನ್ನೂ ಹೇಳುತ್ತದೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದು ತಮ್ಮ ಚಿತ್ರಗಳ ಬಣ್ಣದ ಅಚ್ಚು ತೆಗೆಸಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಮೂಲಚಿತ್ರಗಳನ್ನು ಕಂಡವರು ಎಷ್ಟು ಜನ? ಅಚ್ಚಿನ ಸರಸ್ವತಿ, ಲಕ್ಷ್ಮಿಯರು ದೇವರಮನೆ, ಅಂಗಡಿ, ಶಾಲೆಗಳನ್ನೆಲ್ಲ ಸೇರಿದರು. ಹಾಗೆ ಹರಡಿದ್ದರಿಂದ ಮೂಲದ ಬೆಲೆ ಕುಂದಲಿಲ್ಲ. ಅರಮನೆಯಲ್ಲಿ ಮೂಲದ ಮುಂದೆ ನಿಲ್ಲುವ ಆಸೆ ಹುಟ್ಟಿದ್ದೇ ಅಚ್ಚಿನಿಂದ. ಸಂಗೀತದಲ್ಲಿ ಈ ವಾದವನ್ನು ನಾವು ಎಂದೋ ಮುಗಿಸಿದ್ದೇವೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರನ್ನು ರೇಡಿಯೊದಲ್ಲಿ, ಕ್ಯಾಸೆಟ್ಟಿನಲ್ಲಿ ಕೇಳಿದವರನ್ನು ಕೇಳುಗರೇ ಅಲ್ಲ ಎಂದು ಯಾರೂ ಹೇಳುವುದಿಲ್ಲ. ಚಿತ್ರದ ವಿಷಯದಲ್ಲಿ ಮಾತ್ರ ಆ ಹಕ್ಕನ್ನು ಏಕೆ ನಿರಾಕರಿಸಬೇಕು?

ಬಣ್ಣದ ಬಗ್ಗೆ ಬರುವ ಆಕ್ಷೇಪ ಇದಕ್ಕಿಂತ ಸೂಕ್ಷ್ಮ. ಪ್ರತಿ ಪರದೆಯೂ ಬಣ್ಣವನ್ನು ತನ್ನ ರೀತಿಯಲ್ಲೇ ತೋರಿಸುತ್ತದೆ. ಜಾಲದಲ್ಲಿ ಹರಿದಾಡುವ ಚಿತ್ರಗಳಲ್ಲಿ ಸುಳ್ಳು ಬಣ್ಣದವೇ ಹೆಚ್ಚು. ವರ್ಮೀರ್ ಸುಮಾರು 1660ರಲ್ಲಿ ಬರೆದ, ಹಾಲು ಸುರಿಯುವ ಮನೆಗೆಲಸದ ಹೆಂಗಸಿನ ಚಿತ್ರ ರೈಕ್ಸ್ ಮ್ಯೂಸಿಯಂನಲ್ಲಿದೆ. ಅದರ ಹಳದಿಗಟ್ಟಿದ ಕಳಪೆ ಪ್ರತಿಗಳು ಜಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಇದ್ದವು. ಅವನ್ನೇ ನೋಡಿ ಅಭ್ಯಾಸವಾದವರು ಮ್ಯೂಸಿಯಂ ಅಂಗಡಿಯ ಸರಿಯಾದ ಬಣ್ಣದ ಅಂಚೆಕಾರ್ಡನ್ನೇ ನಂಬದಾದರು. ಮ್ಯೂಸಿಯಂ ಇದಕ್ಕೆ ಕಂಡುಕೊಂಡ ಮದ್ದು ಚಿತ್ರಗಳನ್ನು ಬಚ್ಚಿಡುವುದಾಗಿರಲಿಲ್ಲ. ತಾನೇ ತೆಗೆಸಿದ ಅತ್ಯುತ್ತಮ ಪ್ರತಿಯನ್ನು ಉಚಿತವಾಗಿ ಕೊಟ್ಟರೆ ಕೆಟ್ಟ ಪ್ರತಿಗಳು ತಾವಾಗಿ ಹಿಂದೆ ಸರಿಯುತ್ತವೆ ಎಂದು ಅದು ತರ್ಕಿಸಿತು. 2012ರಲ್ಲಿ ರೈಕ್ಸ್ ಸ್ಟುಡಿಯೊ ಎಂಬ ಹೆಸರಿನಲ್ಲಿ 1,25,000 ಕೃತಿಗಳನ್ನು ತೆರೆದಿಟ್ಟಿತು. ಮನೆಯಲ್ಲೇ ಸಿಕ್ಕರೆ ಮ್ಯೂಸಿಯಂಗೆ ಯಾರು ಬರುತ್ತಾರೆ ಎಂಬ ಭಯಕ್ಕೂ ಉತ್ತರ ಅಲ್ಲೇ ಸಿಕ್ಕಿತು. ಹತ್ತು ವರ್ಷಗಳ ನವೀಕರಣ ಮುಗಿದು 2013ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದಾಗ ಆ ವರ್ಷವೇ 20 ಲಕ್ಷಕ್ಕೂ ಹೆಚ್ಚು ಜನ ಬಂದರು. ಹೊಸದಾಗಿ ತೆರೆದ ಕಟ್ಟಡದ ಆಕರ್ಷಣೆಯೂ ಇದಕ್ಕೆ ಕಾರಣವಿದ್ದೀತು. ಆದರೆ ಚಿತ್ರ ಕೊಟ್ಟಿದ್ದರಿಂದ ಜನ ಕಡಿಮೆಯಾದರು ಎನ್ನುವುದಕ್ಕಂತೂ ಅಲ್ಲಿ ಆಧಾರವಿಲ್ಲ.

ನನ್ನ ಮಟ್ಟಿಗೆ ಅತ್ಯಂತ ಗಂಭೀರವಾದ ಆಕ್ಷೇಪ ಬೇರೆಯೇ. ವಸಾಹತು ಕಾಲದಲ್ಲಿ ಹೊತ್ತೊಯ್ದ ವಸ್ತುಗಳನ್ನು ಇಟ್ಟುಕೊಂಡವರು ‘ಚಿತ್ರ ಜಾಲತಾಣದಲ್ಲಿದೆಯಲ್ಲ, ನೋಡಿಕೊಳ್ಳಿ’ ಎಂದು ಕೈತೊಳೆದುಕೊಂಡರೆ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಿಂದ ಬ್ರಿಟಿಷರು ಕೊಂಡೊಯ್ದ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಯುರೋಪಿನ ಸಿಪಾಯಿಯ ಮೇಲೆರಗಿದ ಹುಲಿಯ ಹೊಟ್ಟೆಯೊಳಗೆ ಆರ್ಗನ್ ವಾದ್ಯವಿದೆ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಬಿದ್ದವನ ಕೈ ಮೇಲೇಳುತ್ತದೆ. ವಸ್ತು ಹಳತಾಗಿ ಶಿಥಿಲವಾಗಿರುವುದರಿಂದ ಅದನ್ನು ನುಡಿಸುವುದು ಅಪರೂಪ. ಲಂಡನ್ನಿಗೆ ಹೋದವರು ಗಾಜಿನೊಳಗೆ ಮೌನವಾಗಿರುವ ಹುಲಿಯನ್ನು ಕಾಣುತ್ತಾರೆ. ಅದು ಗುರುಗುಟ್ಟುವುದನ್ನು ವಿಡಿಯೊದಲ್ಲಿ ಮಂಡ್ಯದ ಮಕ್ಕಳೂ ಕೇಳಬಹುದು. ಆ ಅನುಕೂಲ ದೊಡ್ಡದೇ. ಆದರೆ ಅದು ಒಡೆತನದ ಪ್ರಶ್ನೆಗೆ ಉತ್ತರವಲ್ಲ, ಉತ್ತರದ ಜಾಗದಲ್ಲಿ ಅದನ್ನು ಕೂರಿಸಲು ಬಿಡಲೂಬಾರದು. ನಿಜ ಹೇಳಬೇಕೆಂದರೆ, ತೆರೆದಿಟ್ಟ ಚಿತ್ರ ವಸ್ತುವನ್ನು ವಾಪಸು ಕೇಳುವವರ ಕೈಯನ್ನೇ ಬಲಪಡಿಸುತ್ತದೆ. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳವಾಗಿ ಆಸ್ಟ್ರೇಲಿಯಾ ಸೇರಿದ್ದ ನಟರಾಜ ವಿಗ್ರಹ 2014ರಲ್ಲಿ ಮರಳಿತು. ಅದು ದೇವಾಲಯದ್ದೇ ಎಂದು ಗುರುತಿಸಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿದ್ದ ಹಳೆಯ ಫೋಟೊಗಳು. ಯಾವ ಊರಿನ ಯಾವ ವಸ್ತು ಎಲ್ಲಿದೆ ಎಂದು ತಿಳಿಯದೆ ವಾಪಸು ಕೇಳುವುದಾದರೂ ಹೇಗೆ?

ಚಿತ್ರವಿಲ್ಲದ್ದು, ಪಟ್ಟಿಯಲ್ಲಿಲ್ಲದ್ದು ಸುಲಭವಾಗಿ ಕಳೆದುಹೋಗುತ್ತದೆ. 2023ರ ಆಗಸ್ಟ್‌ನಲ್ಲಿ ಬ್ರಿಟಿಷ್ ಮ್ಯೂಸಿಯಂನಂಥ ಸಂಸ್ಥೆಯೇ ತನ್ನ ಉಗ್ರಾಣದಿಂದ ವಸ್ತುಗಳು ಕಳವಾಗಿವೆ ಎಂದು ಒಪ್ಪಿಕೊಂಡಿತು. ಕಾಣೆಯಾದವು ಮತ್ತು ಹಾನಿಗೊಂಡವು ಸೇರಿ ಸುಮಾರು 2,000. ಅವುಗಳಲ್ಲಿ ಹಲವು ಸರಿಯಾಗಿ ದಾಖಲಾಗಿಯೇ ಇರಲಿಲ್ಲ. ಎರಡು ತಿಂಗಳಲ್ಲೇ ಅದು ಇಡೀ ಸಂಗ್ರಹವನ್ನು ಐದು ವರ್ಷಗಳಲ್ಲಿ ಆನ್‌ಲೈನ್‌ಗೆ ತರುವ ಯೋಜನೆ ಪ್ರಕಟಿಸಿತು. 2018ರ ಸೆಪ್ಟೆಂಬರ್ 2ರ ರಾತ್ರಿ ರಿಯೊ ಡಿ ಜನೈರೊದ ಬ್ರೆಜಿಲ್ ರಾಷ್ಟ್ರೀಯ ಮ್ಯೂಸಿಯಂ ಹೊತ್ತಿ ಉರಿದಾಗ ಎರಡು ಕೋಟಿ ವಸ್ತುಗಳ ಸಂಗ್ರಹದ ಬಹುಪಾಲು ಬೂದಿಯಾಯಿತು. ಬೆಂಕಿಗೆ ಮೊದಲು ತೆಗೆದಿದ್ದ ಚಿತ್ರಗಳಿಂದ ಅದರ ಕೋಣೆಗಳನ್ನು ಈಗಲೂ ನೋಡಬಹುದು. ನಡಿಗೆಯ ಮಾದರಿಯನ್ನು ನಾನು ಮೇಲೆ ದುರ್ಬಲವೆಂದೆ; ಕಟ್ಟಡವೇ ಇಲ್ಲವಾದ ಕಡೆ ಅದಕ್ಕೂ ಬೆಲೆ ಬರುತ್ತದೆ. ಬ್ರೆಜಿಲ್ಲಿನ ಆ ಬೆಂಕಿಗೆ ಎರಡು ವರ್ಷ ಮೊದಲು, 2016ರ ಏಪ್ರಿಲ್‌ನಲ್ಲಿ, ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯವನ್ನು ಬೆಂಕಿ ನುಂಗಿತ್ತು. ಇದು ದೂರದ ದೇಶದ ಅಪಾಯ ಎಂದುಕೊಳ್ಳುವಂತಿಲ್ಲ.

ಕರ್ನಾಟಕದಲ್ಲಿ ಈ ಕೆಲಸದ ಅತ್ಯುತ್ತಮ ಮಾದರಿ ಹುಟ್ಟಿದ್ದು ಚಿತ್ರಕಲೆಯಲ್ಲಲ್ಲ, ಕಲ್ಲಿನಲ್ಲಿ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿಟ್ಟಯ್ಯನೆಂಬವನ ಹೆಸರಿರುವ ಎಂಟನೇ ಶತಮಾನದ ಶಾಸನವೊಂದು ಸಿಕ್ಕಿತು. ಇಂಥ ಕಲ್ಲುಗಳು ನಗರದ ಬೆಳವಣಿಗೆಯಲ್ಲಿ ರಸ್ತೆಯಡಿ, ಅಡಿಪಾಯದಡಿ ಕಾಣೆಯಾಗುತ್ತಿರುವುದನ್ನು ಕಂಡ ಶಾಸನಪ್ರೇಮಿಗಳ ಪ್ರಯತ್ನದ ಮುಂದುವರಿಕೆಯಾಗಿ, 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಯೋಜನೆ ಕೈಗೆತ್ತಿಕೊಂಡಿತು; ಪಿ.ಎಲ್. ಉದಯಕುಮಾರ್ ಅದರ ಮುಂದಾಳು. ಮಳೆಬಿಸಿಲಿಗೆ ಸವೆದ ಕಲ್ಲಿನಲ್ಲಿ ಬರಿಗಣ್ಣಿಗೆ ಕಾಣದ ಅಕ್ಷರ, ಸ್ಕ್ಯಾನ್ ಮಾಡಿದ ರೂಪವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ಬೆಳಕನ್ನು ಓರೆಯಾಗಿ ಬೀಳಿಸಿದಾಗ ಎದ್ದು ಕಾಣುತ್ತದೆ. ಊರಿನ ಕಲ್ಲಿನ ಮುಂದೆ ನಿಂತವರಿಗೆ ಓದಲಾಗದ್ದನ್ನು ಬೇರೆಲ್ಲೋ ಕೂತವರು ಓದುತ್ತಾರೆ. ಪರದೆ ಮೂಲಕ್ಕಿಂತ ಕೀಳು ಎಂಬ ನಂಬಿಕೆಯನ್ನು ಮರುಪರಿಶೀಲಿಸಲು ಇದಕ್ಕಿಂತ ಸಮೀಪದ ಸಾಕ್ಷಿ ಬೇಕಿಲ್ಲ.

ಜಾಲಸಂಪರ್ಕ ಎಲ್ಲರಿಗೂ ಇಲ್ಲ ಎಂಬ ಮಾತು ಸತ್ಯ. ಅಂತರ ಇರುವುದು ನೋಡುಗರ ನಡುವೆ ಮಾತ್ರವಲ್ಲ, ಮ್ಯೂಸಿಯಂಗಳ ನಡುವೆಯೂ: ಆಫ್ರಿಕಾ ಮತ್ತು ಸಣ್ಣ ದ್ವೀಪರಾಷ್ಟ್ರಗಳಲ್ಲಿ ಕೇವಲ ಶೇ 5ರಷ್ಟು ಮ್ಯೂಸಿಯಂಗಳು ಆನ್‌ಲೈನ್‌ನಲ್ಲಿ ಏನನ್ನಾದರೂ ಕೊಡಬಲ್ಲವಾಗಿದ್ದವು ಎಂದು ಯುನೆಸ್ಕೊದ 2020ರ ವರದಿ ಹೇಳಿತು. ಆದರೂ ನಮ್ಮಲ್ಲಿ ಇವತ್ತು ಸಂಪರ್ಕಕ್ಕಿಂತ ದೊಡ್ಡ ತೊಡಕು ಭಾಷೆ. ಹೊಸಪೇಟೆಯ ಹುಡುಗನ ಕೈಯಲ್ಲಿ ಮೊಬೈಲಿದೆ, ಆದರೆ ಚಿತ್ರದ ಕೆಳಗಿನ ವಿವರ ಇಂಗ್ಲಿಷಿನಲ್ಲಿದೆ. ಯಂತ್ರಾನುವಾದ ಸಾರಾಂಶ ತಿಳಿಸೀತು, ಚಿತ್ರದೊಂದಿಗೆ ನಂಟು ಬೆಳೆಸದು. ಚಿತ್ರ ಬಲ್ಲ ಕನ್ನಡದ ಬರಹಗಾರರು, ಕಲಾಶಾಲೆಗಳ ಅಧ್ಯಾಪಕರು ಈ ಕೆಲಸಕ್ಕೆ ಇಳಿಯಬೇಕು. ಬಿಜಾಪುರದ ಸುಲ್ತಾನರ ಚಿತ್ರಕ್ಕೆ ಕನ್ನಡದಲ್ಲಿ ಎರಡು ಪುಟದ ವಿವರಣೆ ಬರೆಯಲು ನ್ಯೂಯಾರ್ಕಿನ ಅನುಮತಿಯೇನೂ ಬೇಡ.

ಮನೆಯಲ್ಲಿ ಕೂತು ನೋಡಹೊರಡುವವರಿಗೆ ಒಂದೆರಡು ಮಾತು. ನಡಿಗೆಯನ್ನು ಬಿಟ್ಟು ನೇರ ಮ್ಯೂಸಿಯಂನ ಸ್ವಂತ ಜಾಲತಾಣದ ಸಂಗ್ರಹ ವಿಭಾಗಕ್ಕೆ ಹೋಗಿ. ಸಾಧ್ಯವಾದರೆ ಮೊಬೈಲಿಗಿಂತ ದೊಡ್ಡ ಪರದೆ ಬಳಸಿ. ಒಂದು ಸಲಕ್ಕೆ ಒಂದೇ ಕೃತಿ ಸಾಕು. ಅಳತೆಯನ್ನು ಓದಿ, ಗೋಡೆಯ ಮೇಲೆ ಕೈಯಿಂದ ಗುರುತಿಸಿ ನೋಡಿ. ಪರದೆ ಕಸಿದುಕೊಂಡ ಗಾತ್ರ ಅರ್ಧದಷ್ಟಾದರೂ ಮರಳುತ್ತದೆ. ವಿವರಣೆಯನ್ನು ಕೊನೆಗೆ ಓದಿ.

ಇನ್ನು ನಮ್ಮ ಮ್ಯೂಸಿಯಂಗಳಿಂದ ಕೇಳಬೇಕಾದ್ದು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ, ಕಲೆ ಮತ್ತು ಛಾಯಾಚಿತ್ರಗಳ ಖಾಸಗಿ ಸಂಗ್ರಹಾಲಯ ಮ್ಯಾಪ್, 2020ರ ಡಿಸೆಂಬರ್‌ನಲ್ಲಿ ಮೊದಲು ಆನ್‌ಲೈನ್‌ನಲ್ಲಿ ಬಾಗಿಲು ತೆರೆಯಿತು, 2023ರ ಫೆಬ್ರುವರಿಯಲ್ಲಿ ಕಟ್ಟಡದಲ್ಲಿ. ಕಟ್ಟಡ ಕಾಯದೆಯೇ ಸಂಗ್ರಹವನ್ನು ಜನರ ಮುಂದಿಡಬಹುದೆಂದು ಅದು ತೋರಿಸಿದೆ. ಅದೇ ರಸ್ತೆಯಲ್ಲಿ 1865ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯವೂ, ಅದರ ಮಗ್ಗುಲಲ್ಲಿ ವೆಂಕಟಪ್ಪ ಕಲಾ ಗ್ಯಾಲರಿಯೂ ಇವೆ. ಇವು ಜನರ ತೆರಿಗೆಯಿಂದ ನಡೆಯುವ, ಜನರದೇ ಆದ ಸಂಗ್ರಹಗಳು. ಇಲ್ಲಿನ ಪ್ರತಿ ವಸ್ತುವಿನ ಸೂಕ್ಷ್ಮ ಚಿತ್ರ, ಕನ್ನಡ ವಿವರಣೆಯೊಂದಿಗೆ, ಉಚಿತವಾಗಿ ಇಳಿಸಿಕೊಳ್ಳುವ ಅವಕಾಶದೊಂದಿಗೆ, ಯಾವ ಕಂಪನಿಯ ಹಂಗೂ ಇಲ್ಲದೆ ಸರ್ಕಾರದ್ದೇ ಜಾಲತಾಣದಲ್ಲಿ ದೊರೆಯಬೇಕು. ಎಲ್ಲಿಂದ ಆರಂಭಿಸಬೇಕೆಂಬ ಗೊಂದಲವೂ ಬೇಡ. ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಬೆಳೆದು, ಕಲ್ಕತ್ತದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತ ಕೆ. ವೆಂಕಟಪ್ಪ ನೀಲಗಿರಿಯ ಮಂಜು, ಬೆಳದಿಂಗಳುಗಳನ್ನು ಜಲವರ್ಣದಲ್ಲಿ ಹಿಡಿದವರು. ಬೆಳಕಿಗೆ ಮಾಸುವ ಜಲವರ್ಣಕ್ಕೆ ಕ್ಯಾಮೆರಾದ ರಕ್ಷೆ ಎಲ್ಲಕ್ಕಿಂತ ಮೊದಲು ಬೇಕು. ಅವರು ತೀರಿಕೊಂಡದ್ದು 1965ರಲ್ಲಿ. ಭಾರತದ ಕಾನೂನಿನಂತೆ ಕಲಾವಿದರು ತೀರಿಕೊಂಡ ವರ್ಷದಿಂದಾಚೆ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಆ ಲೆಕ್ಕದಲ್ಲಿ 2026ರ ಜನವರಿ 1ರಿಂದ ವೆಂಕಟಪ್ಪನವರ ಚಿತ್ರಗಳನ್ನು ಜನರಿಗೆ ಕೊಡಲು ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ.